ತಿಳಿ ನೀರೆಲ್ಲ ಶುದ್ಧ ನೀರಲ್ಲ



ನೀವು ಸಂಘಕ್ಕೆ ತಂದ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಸಿದರೆ ನೀರು ಬೆರೆತಿದೆಯೇ ಎಂಬುದು ತಿಳಿಯುತ್ತದೆ. ಡೈರಿಯಲ್ಲಿ ಹಾಲಿಗೆ ಮೀಥಿಲೀನ್ ಬ್ಲೂ ಎಂಬ ನೀಲಿ ದ್ರಾವಣ ಹಾಕಿ ಇಡುತ್ತಾರೆ. ನೀಲಿ ಬಣ್ಣ ಬೇಗ ಮಾಯವಾದರೆ ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿವೆ ಎಂದು ಅರ್ಥ. ಆದರೆ ಈ ಎರಡು ಪರೀಕ್ಷೆಗಳಿಗೂ ಸಿಕ್ಕದೆ ಪಾರಾಗುವ ಒಂದು ಶತ್ರು ಇದೆ. ಅದೇ ವೈರಾಣು, ಅಂದರೆ ವೈರಸ್. ಮನುಷ್ಯರ ಮಲದಿಂದ ಚರಂಡಿಗೆ, ಚರಂಡಿಯಿಂದ ಕುಡಿಯುವ ನೀರಿಗೆ, ನೀರಿನಿಂದ ಮತ್ತೆ ಮನುಷ್ಯರ ಹೊಟ್ಟೆಗೆ ಇದು ಸುತ್ತುತ್ತಿರುತ್ತದೆ. ಈ ಸಂಚಿಕೆಯಲ್ಲಿ ಅದರ ವಿಷಯ ತಿಳಿಯೋಣ.

ವೈರಾಣುವಿನ ಸ್ವಭಾವ

ಹಾಲು ಕರೆದು ಹೊತ್ತು ಮೀರಿ ಇಟ್ಟರೆ ಹುಳಿಯಾಗುತ್ತದೆ. ಬ್ಯಾಕ್ಟೀರಿಯಾಗಳು ಹಾಲಿನಲ್ಲೇ ವೃದ್ಧಿಯಾಗುವುದೇ ಇದಕ್ಕೆ ಕಾರಣ. ವೈರಾಣು ಹಾಗಲ್ಲ. ಅದು ಬ್ಯಾಕ್ಟೀರಿಯಾಕ್ಕಿಂತ ಬಹಳ ಚಿಕ್ಕದು. ಜೀವಕೋಶದ ಹೊರಗೆ, ನೀರಿನಲ್ಲಾಗಲಿ ಹಾಲಿನಲ್ಲಾಗಲಿ, ಅದು ಬೆಳೆಯುವುದಿಲ್ಲ, ಸುಮ್ಮನೆ ಕಾಯುತ್ತದೆ. ತಂಪಾದ, ಬೆಳಕಿಲ್ಲದ ಅಂತರ್ಜಲದಲ್ಲಿ ಕೆಲವು ವೈರಾಣುಗಳು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯಬಲ್ಲವು. ಅವು ಇದ್ದರೂ ನೀರಿನ ಬಣ್ಣ, ವಾಸನೆ, ರುಚಿ ಯಾವುದೂ ಬದಲಾಗುವುದಿಲ್ಲ.

ಎಳೆ ಮಕ್ಕಳಿಗೆ ವಾಂತಿಭೇದಿ ತರುವ ರೋಟಾ ವೈರಸ್ಸನ್ನೇ ನೋಡಿರಿ. ರೋಗಿಯಾದ ಮಗುವಿನ ಒಂದು ಗ್ರಾಂ ಮಲದಲ್ಲಿ ಸಾವಿರ ಕೋಟಿಯವರೆಗೂ ವೈರಾಣು ಇರಬಹುದು. ಇನ್ನೊಂದು ಮಗುವಿಗೆ ರೋಗ ತಗುಲಲು ಹತ್ತರಿಂದ ನೂರು ವೈರಾಣು ಸಾಕು. ಒಂದು ಕೈ ತೊಳೆಯದಿದ್ದರೆ ಏನಾಗುತ್ತದೆ ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ದೆಹಲಿ ಕಲಿಸಿದ ಪಾಠ

1955ರಲ್ಲಿ ಯಮುನಾ ನದಿಗೆ ಪ್ರವಾಹ ಬಂದು ಇಳಿದ ಮೇಲೆ ದೆಹಲಿಯ ಬಳಿ ನದಿಯ ಹರಿವಿನ ಪಾತ್ರ ಬದಲಾಯಿತು. ನಗರದ ಕೊಳಚೆ ಹೊತ್ತು ತರುವ ನಜಾಫಗಢ ನಾಲೆಯ ನೀರು, ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಜಾಗದ ಕಡೆಗೇ ಹಿಮ್ಮುಖವಾಗಿ ಹರಿಯಿತು. ನೀರು ಸರಬರಾಜಿನವರು ಇದನ್ನು ಗಮನಿಸಿ ಹೆಚ್ಚು ಕ್ಲೋರಿನ್ ಬೆರೆಸಿದರು. ಅದರಿಂದ ಪ್ರಯೋಜನವೂ ಆಯಿತು. ಬ್ಯಾಕ್ಟೀರಿಯಾದಿಂದ ಬರುವ ಟೈಫಾಯಿಡ್, ಆಮಶಂಕೆಗಳು ಹೆಚ್ಚಲಿಲ್ಲ.

ಆದರೆ ಡಿಸೆಂಬರ್ ಮತ್ತು ಜನವರಿ ತಿಂಗಳಲ್ಲಿ ಊರ ತುಂಬ ಕಾಮಾಲೆ ಹಬ್ಬಿತು. ಸುಮಾರು 29,000 ಮಂದಿಗೆ ಕಣ್ಣು ಹಳದಿಯಾಯಿತು. ಅದು ಹೆಪಟೈಟಿಸ್ ಇ ಎಂಬ ವೈರಾಣುವಿನ ಕೆಲಸವೆಂಬುದು ಖಚಿತವಾಗಲು ದಶಕಗಳೇ ಬೇಕಾದವು. ಬ್ಯಾಕ್ಟೀರಿಯಾವನ್ನು ಕೊಂದ ಕ್ಲೋರಿನ್ ಈ ವೈರಾಣುವನ್ನು ತಡೆಯಲಿಲ್ಲ. ನೀರಿನಲ್ಲಿ ಕೊಳೆ ಹೆಚ್ಚಿದ್ದರೆ ಕ್ಲೋರಿನ್ನಿನ ಬಲ ಕೊಳೆಗೇ ಖರ್ಚಾಗಿಬಿಡುತ್ತದೆ.

ಇದು ಪಟ್ಟಣದ ಕಥೆ, ನಮಗೇನು ಎನ್ನಬೇಡಿ. 1978ರಲ್ಲಿ ಕಾಶ್ಮೀರ ಕಣಿವೆಯ ಹಳ್ಳಿಹಳ್ಳಿಗಳಲ್ಲಿ ಇದೇ ಬಗೆಯ ಕಾಮಾಲೆ ನೀರಿನ ಮೂಲಕ ಹಬ್ಬಿತ್ತು. ಈ ರೋಗ ಬಂದ ಬಹುಪಾಲು ಜನ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಆದರೆ ದಿನ ತುಂಬುತ್ತಿರುವ ಗರ್ಭಿಣಿಯರಿಗೆ ಇದು ಯಮನಂತೆ. ಕೊನೆಯ ಮೂರು ತಿಂಗಳಲ್ಲಿ ಈ ಕಾಮಾಲೆ ಬಂದವರಲ್ಲಿ ನೂರಕ್ಕೆ 20ರಿಂದ 25 ಮಂದಿಯವರೆಗೂ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಸಾರ್ವಜನಿಕ ಲಸಿಕೆ ಕಾರ್ಯಕ್ರಮದಲ್ಲಿ ಇದಕ್ಕೆ ಲಸಿಕೆ ಇಲ್ಲ. ಶುದ್ಧ ನೀರೊಂದೇ ರಕ್ಷೆ.

ಚರಂಡಿಯೇ ಸಾಕ್ಷಿ ಹೇಳಿದ್ದು

"ನಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಇಲ್ಲ, ನಮ್ಮಿಂದ ಹೇಗೆ ಹರಡೀತು?" ಎಂದು ಕೇಳುವವರುಂಟು. ಇದಕ್ಕೆ ಪೋಲಿಯೋ ಉತ್ತರ ಕೊಡುತ್ತದೆ. ಪೋಲಿಯೋ ವೈರಾಣು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಸೋಲುತ್ತದೆ. ಉಳಿದವರು ಆರೋಗ್ಯವಾಗಿಯೇ ಕಂಡರೂ ಅವರ ಮಲದಲ್ಲಿ ವೈರಾಣು ಹೊರಬೀಳುತ್ತಿರುತ್ತದೆ. ಆದ್ದರಿಂದ 2001ರಿಂದ ಮುಂಬಯಿಯಲ್ಲಿ ಚರಂಡಿ ನೀರನ್ನೇ ತೆಗೆದು ಪರೀಕ್ಷಿಸತೊಡಗಿದರು. ರೋಗಿ ಕಾಣುವ ಮೊದಲೇ ವೈರಾಣು ಯಾವ ಕಡೆ ಇದೆ ಎಂಬುದನ್ನು ಚರಂಡಿ ಹೇಳಬಲ್ಲದು. ಮುಂದೆ ಬೇರೆ ನಗರಗಳಲ್ಲೂ ಈ ಕ್ರಮ ಬಂತು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ರೋಗಿ ಪತ್ತೆಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚಿಯಲ್ಲಿ ನಮ್ಮ ಪ್ರದೇಶ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು.

ಎಲ್ಲ ಕಡೆ ಇಂಥ ಪರೀಕ್ಷಾಲಯಗಳಿಲ್ಲ. ಬಡ ದೇಶಗಳ ಅನೇಕ ಊರುಗಳಲ್ಲಿ ಕೊಳಚೆ ಶುದ್ಧಿಯಾಗದೆ ಹಳ್ಳ, ಕೆರೆ ಸೇರುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ 220 ಕೋಟಿ ಜನರಿಗೆ ಸುರಕ್ಷಿತವಾಗಿ ನಿರ್ವಹಿಸಿದ ಕುಡಿಯುವ ನೀರಿನ ಸೌಲಭ್ಯವಿರಲಿಲ್ಲ.

ಹಾಲಿಗೂ ಇದಕ್ಕೂ ಏನು ಸಂಬಂಧ?

ಕ್ಯಾನು ತೊಳೆಯುವ ನೀರು, ಕೆಚ್ಚಲು ತೊಳೆಯುವ ನೀರು, ಹಾಲು ಕರೆಯುವ ಕೈ: ಈ ಮೂರೂ ಹಾಲನ್ನು ಮುಟ್ಟುತ್ತವೆ. ಕಲುಷಿತ ನೀರಿನಲ್ಲಿ ತೊಳೆದ ಪಾತ್ರೆ ಕಣ್ಣಿಗೆ ಥಳಥಳಿಸಿದರೂ ಅದು ಶುದ್ಧವಲ್ಲ. ಇನ್ನು ಹಾಲಿಗೆ ನೀರು ಬೆರೆಸುವವರು ಬರಿಯ ಫ್ಯಾಟು ಕದಿಯುವುದಿಲ್ಲ. ಆ ನೀರು ಕೆಟ್ಟದ್ದಾಗಿದ್ದರೆ ಕುಡಿಯುವ ಮಗುವಿಗೆ ರೋಗವನ್ನೇ ಹಂಚುತ್ತಾರೆ.

ಮೇವಿನ ವಿಷಯವೂ ಇದೆ. ಹೈದರಾಬಾದಿನ ಬಳಿ ಮೂಸಿ ನದಿಯ ದಂಡೆಯಲ್ಲಿ ನಗರದ ಕೊಳಚೆ ಬೆರೆತ ನೀರಿನಿಂದ ಪ್ಯಾರಾ ಹುಲ್ಲು ಬೆಳೆದು ಎಮ್ಮೆಗಳಿಗೆ ಹಾಕುವ ರೂಢಿ ಬಹಳ ಕಾಲದಿಂದ ಇದೆ. ಇಂಥ ಹುಲ್ಲು ಕೊಯ್ದ ಕೈಯಲ್ಲೇ ಹಾಲು ಕರೆದರೆ, ಹುಲ್ಲಿನ ಮೇಲಿದ್ದ ಕೊಳೆ ಹಾಲಿಗೆ ಸೇರುತ್ತದೆ.

ನೀವು ಮಾಡಬೇಕಾದ್ದು

1. ಕಕ್ಕಸು ಗುಂಡಿಗೂ ಬಾವಿ, ಕೈಪಂಪು, ಕೊಳವೆಬಾವಿಗಳಿಗೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಲಿ. ಬಂಡೆ ಬಿರುಕಿನ ನೆಲದಲ್ಲಿ ಕೊಳೆ ದೂರ ಹರಿಯುವುದರಿಂದ ಅಂತರ ಇನ್ನೂ ಹೆಚ್ಚಿರಲಿ.

2. ಬಾವಿಗೆ ಕಟ್ಟೆ, ಕೈಪಂಪಿನ ಸುತ್ತ ಸಿಮೆಂಟು ಹಾಸು ಇರಲಿ. ನಲ್ಲಿಯ ಪೈಪು ಚರಂಡಿಯೊಳಗೆ ಹಾದು ಸೋರುತ್ತಿದ್ದರೆ ಕೂಡಲೇ ಗ್ರಾಮ ಪಂಚಾಯಿತಿಗೆ ತಿಳಿಸಿ. ನೀರು ನಿಂತ ವೇಳೆಯಲ್ಲಿ ಆ ಪೈಪು ಚರಂಡಿಯನ್ನೇ ಹೀರಿಕೊಳ್ಳಬಹುದು.

3. ಬ್ಲೀಚಿಂಗ್ ಪುಡಿಯನ್ನು ಕದಡಿದ ನೀರಿಗೆ ಹಾಕಿ ನೆಮ್ಮದಿಯಾಗಿರಬೇಡಿ. ಮೊದಲು ನೀರು ತಿಳಿಯಾಗಲಿ. ಆರೋಗ್ಯ ಕಾರ್ಯಕರ್ತರು ಹೇಳಿದ ಪ್ರಮಾಣದಲ್ಲಿ ಪುಡಿ ಹಾಕಿ, ಒಂದು ಗಂಟೆ ಬಿಟ್ಟು ಬಳಸಿ.

4. ಪ್ರವಾಹ ಬಂದಾಗ, ಊರಿನಲ್ಲಿ ಕಾಮಾಲೆ ಇದ್ದಾಗ, ಮನೆಯಲ್ಲಿ ಗರ್ಭಿಣಿ ಇದ್ದಾಗ ನೀರನ್ನು ತಪ್ಪದೆ ಕುದಿಸಿ. ಬರಿಯ ಬೆಚ್ಚಗಾದರೆ ಸಾಲದು. ಕೊತಕೊತ ಕುದಿ ಬಂದು ಒಂದು ನಿಮಿಷವಾದರೂ ಆಗಬೇಕು. ಹಸಿ ಹಾಲನ್ನು ಎಂದೂ ಕುಡಿಯಬೇಡಿ.

5. ಕಕ್ಕಸಿಗೆ ಹೋಗಿ ಬಂದ ಮೇಲೆ, ಮಗುವಿನ ಮಲ ತೊಳೆದ ಮೇಲೆ, ಹಾಲು ಕರೆಯುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ಕಾಮಾಲೆ, ವಾಂತಿಭೇದಿ ಇರುವವರು ಗುಣವಾಗುವ ತನಕ ಹಾಲು ಕರೆಯುವುದು, ಕ್ಯಾನು ತೊಳೆಯುವುದು ಬೇಡ.

6. ಮಕ್ಕಳಿಗೆ ಪೋಲಿಯೋ, ರೋಟಾ ಲಸಿಕೆಗಳನ್ನು ತಪ್ಪದೆ ಹಾಕಿಸಿ. ರೋಟಾ ಲಸಿಕೆಯನ್ನು 2016ರಿಂದ ಹಂತಹಂತವಾಗಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿಸಲಾಗಿದೆ.

ಸಂಘದ ಸಭೆಯಲ್ಲಿ ಚರ್ಚಿಸಿ

ನಮ್ಮ ಸಂಘದಲ್ಲಿ ಕ್ಯಾನು ತೊಳೆಯುವ ನೀರು ಎಲ್ಲಿಂದ ಬರುತ್ತದೆ? ಆ ಮೂಲದ ಹತ್ತಿರ ಯಾವ ಗುಂಡಿ, ಯಾವ ಚರಂಡಿ ಇದೆ? ನೀರನ್ನು ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದು ಸಂಘದ ಗೋಡೆಗೆ ಹಾಕಿರಿ. ನೀರಿನ ಪರೀಕ್ಷೆಯ ವರದಿಯಲ್ಲಿ "ಬ್ಯಾಕ್ಟೀರಿಯಾ ಇಲ್ಲ" ಎಂದಿದ್ದರೆ ಸಂತೋಷವೇ. ಆದರೆ ದೆಹಲಿಯ ಪಾಠ ನೆನಪಿರಲಿ: ಕೊಳಚೆ ನೀರಿಗೆ ಸೇರಿದ ಮೇಲೆ ಔಷಧಿ ಹುಡುಕುವುದಕ್ಕಿಂತ, ಸೇರದಂತೆ ತಡೆಯುವುದೇ ಜಾಣತನ.