ಪೇಪರಿನ ಮೇಲೆ ಎಳೆದ ಗೀಟು

ಮಗೂ,

ಹೋದ ಭಾನುವಾರ ಮಾಲೂರಿನಿಂದ ಶ್ರೀನಿವಾಸಪುರಕ್ಕೆ ಬಂದವನು ನೀಲಿ ಜೆರ್ಸಿಯಲ್ಲೇ ಜಗಲಿ ಮೇಲೆ ಕೂತು ಪೇಪರ್ ಓದಿದೆ. ನೀನು ಹೊರಟ ಮೇಲೆ ನೋಡಿದರೆ, ಬೆಂಗಳೂರು ಎಫ್‌ಸಿ ಕೋಚ್ ಬಗ್ಗೆ ಬಂದ ವರದಿಗೆ ಅಡ್ಡಡ್ಡ ಗೀಟು, ಪಕ್ಕದಲ್ಲಿ 'ದುಡ್ಡು ತಿಂದು ಬರೆದಿದ್ದಾನೆ' ಅಂತ ಷರಾ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿದು ಕೆಳಗಿನ ಹಾಳೆಯ ಟೊಮೆಟೊ ರೇಟು ಕಾಣುತ್ತಿತ್ತು.

ಕೋಚ್ ಪರ ನಿಲ್ಲಬೇಡ ಅನ್ನುವುದಿಲ್ಲ. ಕೆಲಸ ಬೇಗ ಮುಗಿಸಿ, ರೈಲು ಹತ್ತಿ, ಕಂಠೀರವ ಸ್ಟೇಡಿಯಂನ ವೆಸ್ಟ್ ಬ್ಲಾಕ್‌ನಲ್ಲಿ ತೊಂಬತ್ತು ನಿಮಿಷ ನಿಂತೇ ಕೂಗುವವನು ನೀನು. ಆದರೆ ಏನನ್ನು ಹಿಡಿದು ಜಗಳಕ್ಕೆ ಇಳಿಯುತ್ತೀಯ, ನೋಡಿಕೋ.

ಹಿಂದಿನ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ನೆನಪಿದ್ದಾರಲ್ಲ? 2019ರ ಮಾರ್ಚ್ 17, ಗೋವಾ ಎದುರು ಫೈನಲ್, 117ನೇ ನಿಮಿಷ. ಡಿಮಾಸ್ ಡೆಲ್ಗಾಡೊ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ, ಮೊದಲ ಐಎಸ್‌ಎಲ್ ಕಪ್ ಬಂತು. ಆಮೇಲೆ 'ಈ ತಂಡಕ್ಕೆ ಕಾರ್ನರ್, ಫ್ರೀಕಿಕ್ಕೇ ಗತಿ, ಆಟದ ನಡುವೆ ಗೋಲು ಹುಟ್ಟುವುದು ಕಡಿಮೆ' ಅಂತ ಟೀಕೆ ಬಂದಾಗ ನೀವೆಲ್ಲ ಎಗರಾಡಿದಿರಿ: ಕಪ್ ಬಂದಿದ್ದೇ ಕಾರ್ನರ್‌ನಿಂದ, ಇವರಿಗೇನು ಗೊತ್ತು? ನಿಮ್ಮ ಮಾತೂ ನಿಜ, ಅವರದೂ ನಿಜ. 2021ರ ಜನವರಿಯಲ್ಲಿ ಮೂರು ಮ್ಯಾಚ್ ಒಂದರ ಹಿಂದೊಂದು ಸೋತ ಮೇಲೆ ಕ್ಲಬ್ಬೇ ಅವರನ್ನು ಕಳಿಸಿಕೊಟ್ಟಿತು. ಕಪ್ ಬಂದು ಎರಡು ವರ್ಷ ತುಂಬಿರಲಿಲ್ಲ.

ಸೈಮನ್ ಗ್ರೇಸನ್ ಕಥೆಯೂ ಅಷ್ಟೇ. 2022ರಲ್ಲಿ ಡುರಾಂಡ್ ಕಪ್, ಮರುವರ್ಷ ಐಎಸ್‌ಎಲ್ ಫೈನಲ್. ಆ ಡಿಸೆಂಬರ್‌ನಲ್ಲಿ ಕಂಠೀರವದಲ್ಲೇ ಮುಂಬೈ ಎದುರು 0-4, ಬೆನ್ನಲ್ಲೇ ಹೊರಕ್ಕೆ. ಅವತ್ತು 'ಕಳಿಸಿ ಇವರನ್ನ' ಅಂತ ಕೂಗಿದವನು ನೀನು. ಅದಕ್ಕೆ ಮುಂಚೆ ಅದನ್ನೇ ಬರೆದವನನ್ನು ಬೈದವನೂ ನೀನೇ.

ನಮ್ಮ ಮಂಡಿಯಲ್ಲಿ ನೋಡಿದ್ದೀಯ. ವ್ಯಾಪಾರಿ ಬಾದಾಮಿ ಮಾವಿನ ಹಣ್ಣು ಕುಯ್ದು, ವಾಟೆ ಹತ್ತಿರ ಬೆರಳಿಟ್ಟು, 'ಬಲಿತಿಲ್ಲ ಯಜಮಾನ್ರೇ' ಅನ್ನುತ್ತಾನೆ. ವರ್ಷವಿಡೀ ತೋಟ ಕಾಯ್ದವನಿಗೆ ಉರಿಯದೆ ಇರುತ್ತಾ? ಆದರೂ ಅವನ ಜಾತಕ ಬಿಚ್ಚುವುದಿಲ್ಲ; ಇನ್ನೊಂದು ಹಣ್ಣು ಕುಯ್ದು ತೋರಿಸುತ್ತೇನೆ. ಕೆಲವು ಸಲ ಅದೂ ಬಲಿತಿರುವುದಿಲ್ಲ.

'ದುಡ್ಡು ತಿಂದವನು' ಅನ್ನುವುದು ಮಾತ್ರ ಬೇಡಪ್ಪ. ಪುರಾವೆ ಇಲ್ಲದೆ ಒಬ್ಬನ ಅನ್ನಕ್ಕೆ ಮಸಿ ಬಳಿಯುವ ಮಾತು ಅದು. ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ ನಿಮಗೆ ಕಗ್ಗದಿಂದಷ್ಟೇ ಗೊತ್ತು. ಅವರ ಕಸುಬು ಪತ್ರಿಕೆ. 'ವೃತ್ತಪತ್ರಿಕೆ' ಅಂತ ಅದರ ಮೇಲೆ ಪುಸ್ತಕವನ್ನೇ ಬರೆದರು. ಆ ಕಸುಬಿನವರು ತಪ್ಪು ಮಾಡುವುದಿಲ್ಲವೇ? ಮಾಡುತ್ತಾರೆ. ಮ್ಯಾಚ್ ಪೂರ್ತಿ ನೋಡದೆ ಸ್ಕೋರ್ ನೋಡಿ ಗೀಚುವವರೂ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡ. ಎಷ್ಟನೇ ನಿಮಿಷಕ್ಕೆ ಯಾರನ್ನು ಆಚೆ ಕರೆದರು, ಯಾರಿಗೆ ಪೆಟ್ಟಾಗಿತ್ತು ಅಂತ ನಾಲ್ಕು ಸಾಲು ಸಂಪಾದಕರಿಗೆ ಬರೆ. ಕೆಳಗೆ ನಿನ್ನ ಹೆಸರು ಹಾಕು.

ಆ ಪೇಪರನ್ನು ರದ್ದಿಗೆ ಹಾಕಿಲ್ಲ, ಮಡಚಿ ಬೀರುವಿನಲ್ಲಿ ಇಟ್ಟಿದ್ದೇನೆ. ಲೀಗ್ ಮುಗಿದ ಮೇಲೆ ಒಂದು ಸಲ ಬಾ. ನೀನು ಗೀಟು ಎಳೆದ ಸಾಲುಗಳನ್ನು ಇಬ್ಬರೂ ಕೂತು ಓದೋಣ. ಹರಿದ ಕಡೆ ಏನಿತ್ತು ಅಂತ ನಿನ್ನನ್ನೇ ಕೇಳಬೇಕು.

ನಿನ್ನ ತಾತ