ಕ್ಯಾಲ್ಸಿಯಂ ಬಾಟ್ಲಿ: ಯಾವ ದನಕ್ಕೆ, ಯಾವಾಗ?

ದನಕ್ಕೆ ಗಬ್ಬ ಏಳು ತಿಂಗಳು ತುಂಬಿ ಹಾಲು ಬತ್ತಿಸಿದ ಕೂಡಲೇ ನಮ್ಮ ಕಡೆ ಹಟ್ಟಿಗೆ ಬರುವುದು ಕ್ಯಾಲ್ಸಿಯಂ ಬಾಟ್ಲಿ. ಬರೆದುಕೊಟ್ಟವರು ಯಾರು ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅಂಗಡಿಯವ ಹೇಳಿದ, ಹಾಲಿನ ಸೊಸೈಟಿಯಲ್ಲಿ ಯಾರೋ ಹೇಳಿದರು, ಪಕ್ಕದ ಮನೆಯವರು ಕೊಡ್ತಾರೆ. ದನವನ್ನು ನೋಡಿ, ಅದು ತಿನ್ನುವುದನ್ನು ಲೆಕ್ಕ ಹಾಕಿ ಬರೆದ ಚೀಟಿ ಅಪರೂಪ. ನಾನು ಪಶುವೈದ್ಯನಲ್ಲ, ನಾಲ್ಕು ಜೆರ್ಸಿ ಮಿಶ್ರತಳಿ ದನ ಸಾಕುವ ಕೃಷಿಕ. ಡಾಕ್ಟರರಲ್ಲಿ ಕೇಳಿ, ಓದಿ, ಹಟ್ಟಿಯಲ್ಲಿ ನಡೆಸಿಕೊಂಡು ಬಂದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ಲೀಟರ್ ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. 15 ಲೀಟರ್ ಕರೆಯುವ ದನ ದಿನಕ್ಕೆ 18 ಗ್ರಾಂ ಹೊರಗೆ ಹಾಕುತ್ತದೆ. ಈಗ ನಿಮ್ಮ ಬಾಟ್ಲಿಯ ಲೇಬಲ್ ಓದಿ. 100 ಮಿಲೀಲೀಟರಿನಲ್ಲಿ 2 ಗ್ರಾಂ ಕ್ಯಾಲ್ಸಿಯಂ ಅಂತ ಬರೆದಿದ್ದರೆ ನೀವು ಕೊಡುವುದು ಅಷ್ಟೇ, ಎರಡು ಗ್ರಾಂ. ಅದರಲ್ಲೂ ಮೈಗೆ ಹತ್ತುವುದು ಒಂದು ಪಾಲು ಮಾತ್ರ. ಸುಣ್ಣದ ತಿಳಿನೀರು ಕೊಡುವವರೂ ಇದ್ದಾರೆ. ಒಂದು ಲೀಟರ್ ತಿಳಿಯಲ್ಲಿ ಒಂದು ಗ್ರಾಂ ಕೂಡಾ ಇರುವುದಿಲ್ಲ. ಅದೇ 100 ಗ್ರಾಂ ಒಳ್ಳೆಯ ಖನಿಜ ಮಿಶ್ರಣದಲ್ಲಿ 20 ಗ್ರಾಂ ಆಸುಪಾಸು ಕ್ಯಾಲ್ಸಿಯಂ, ಜೊತೆಗೆ ರಂಜಕ, ತಾಮ್ರ, ಸತು ಎಲ್ಲಾ ಇವೆ. ಹಾಲು ಕೊಡುವ ದನಕ್ಕೆ ದಿನಾ 100 ಗ್ರಾಂ, ಹಾಲು ಹೆಚ್ಚಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚು. ಬತ್ತಿದ ದನಕ್ಕೆ, ಕಡಸಿಗೆ 50 ಗ್ರಾಂ. ಕರುವಿಗೆ 20-25 ಗ್ರಾಂ. ಮಿಶ್ರಣದಲ್ಲಿ ಉಪ್ಪು ಸೇರಿಲ್ಲದಿದ್ದರೆ 30 ಗ್ರಾಂ ಉಪ್ಪು ಬೇರೆ. ಹಾಲು ಕೊಡುವ ಆರೋಗ್ಯದ ದನಕ್ಕೆ ಇದರ ಮೇಲೆ ಬಾಟ್ಲಿ ಯಾಕೆ ಬೇಕು ಅನ್ನುವುದು ನನಗಂತೂ ತಿಳಿಯದು.

ಇನ್ನು ಕರು ಹಾಕುವ ಹೊತ್ತಿನ ಸಂಗತಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ದನ ಉಳಿಯುವುದು ಇಲ್ಲಿ. ದನದ ರಕ್ತದಲ್ಲಿ ಯಾವಾಗಲೂ ಓಡಾಡುವ ಕ್ಯಾಲ್ಸಿಯಂ ಮೂರು ಗ್ರಾಮಿನ ಆಚೀಚೆ. ಗಿಣ್ಣುಹಾಲಿನಲ್ಲಿ ಲೀಟರಿಗೆ ಎರಡು ಗ್ರಾಮಿಗೂ ಮಿಕ್ಕಿ ಇರುತ್ತದೆ. ಮೊದಲ ದಿನ ಹತ್ತು ಲೀಟರ್ ಇಳಿಸಿದರೆ ಇಪ್ಪತ್ತು ಗ್ರಾಂ ಹೋಯ್ತು! ಇಷ್ಟು ಎಲ್ಲಿಂದ ಬರಬೇಕು? ಎಲುಬಿನಿಂದ. ಎಲುಬೆಂದರೆ ಕಣಜ, ಅಲ್ಲಿ ಕಿಲೋಗಟ್ಟಲೆ ಇದೆ. ಬೀಗದ ಕೈ ಇರುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯಿಡ್ ಎಂಬ ಪುಟ್ಟ ಗ್ರಂಥಿಯ ಹತ್ತಿರ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅದು ಕಣಜ ತೆಗೆಸುತ್ತದೆ, ಕರುಳು ಹೆಚ್ಚು ಹೀರುವ ಹಾಗೆಯೂ ಮಾಡುತ್ತದೆ. ಬತ್ತಿದ ಎರಡು ತಿಂಗಳೂ ಬಾಯಿಯಿಂದ ಧಾರಾಳವಾಗಿ ಕ್ಯಾಲ್ಸಿಯಂ ಬರುತ್ತಿದ್ದರೆ ಈ ಗ್ರಂಥಿಗೆ ಕೆಲಸವೇ ಇಲ್ಲ. ಕರು ಹಾಕಿದ ದಿನ ಎಬ್ಬಿಸಿದರೆ ಚುರುಕಾಗಲು ಎರಡು ಮೂರು ದಿನ ಬೇಕು. ದನ ಅಷ್ಟು ದಿನ ಕಾಯುವುದಿಲ್ಲ, ಬೀಳುತ್ತದೆ. ಹಾಲುಜ್ವರ ಅನ್ನುವುದು ಇದನ್ನೇ. ಹೆಸರಿನಲ್ಲಿ ಮಾತ್ರ ಜ್ವರ, ಮೈ ತಣ್ಣಗಿರುತ್ತದೆ.

ನಮ್ಮೂರ ಒಂದು ಮನೆಯಲ್ಲಿ ನಾಲ್ಕನೇ ಕರುವಿನ ದನಕ್ಕೆ ಒಂದೂವರೆ ತಿಂಗಳು ಟಾನಿಕ್, ಕ್ಯಾಲ್ಸಿಯಂ ಪುಡಿ, ಎರಡು ಮುಷ್ಟಿ ಖನಿಜ ಮಿಶ್ರಣ ಎಲ್ಲಾ ಕೊಟ್ಟಿದ್ದರು. ಕರು ಹಾಕಿದ ಎರಡನೇ ರಾತ್ರಿ ದನ ಬಿತ್ತು. ಕೊಟ್ಟದ್ದರಿಂದಲೇ ಬಿತ್ತು ಅಂತ ನಾನು ಹೇಳಲಾರೆ, ಜೆರ್ಸಿ ರಕ್ತದ ವಯಸ್ಸಾದ ದನಗಳಲ್ಲಿ ಇದು ಮೊದಲೇ ಹೆಚ್ಚು. ಆದರೆ ಅಷ್ಟು ಕೊಟ್ಟದ್ದು ತಡೆಯಲಿಲ್ಲ ಅನ್ನುವುದನ್ನು ಕಣ್ಣಾರೆ ಕಂಡೆ.

ಹಾಗಾದರೆ ಕೊನೆಯ ಮೂರು ವಾರ ಏನು ಕೊಡೋದು? ನಾನು 50 ಗ್ರಾಂ ಖನಿಜ ಮಿಶ್ರಣ ಬಿಟ್ಟು ಬೇರೆ ಕ್ಯಾಲ್ಸಿಯಂ ಕೊಡುವುದಿಲ್ಲ. ಅಗಸೆ ಸೊಪ್ಪು ಕಡಿಮೆ ಮಾಡುತ್ತೇನೆ, ಅದರಲ್ಲೂ ಕ್ಯಾಲ್ಸಿಯಂ ಬೇಕಾದಷ್ಟಿದೆ. ಇನ್ನೊಂದು, ಹೆಚ್ಚಿನವರು ಗಮನಿಸದ್ದು: ಗೊಬ್ಬರ ಗ್ಯಾಸಿನ ಸ್ಲರಿ, ಗಂಜಲ ಹರಿಸಿ ಬೆಳೆದ ನೇಪಿಯರ್ ಹುಲ್ಲಿನಲ್ಲಿ ಪೊಟ್ಯಾಶ್ ಜಾಸ್ತಿ. ಪೊಟ್ಯಾಶ್ ಹೆಚ್ಚಾದರೆ ಗ್ರಂಥಿ ಕೂಗಿದರೂ ಎಲುಬಿಗೆ ಸರಿಯಾಗಿ ಕೇಳಿಸುವುದಿಲ್ಲ. ಆ ಮೂರು ವಾರ ಅಂಥ ಹುಲ್ಲು ತಗ್ಗಿಸಿ ಬೈಹುಲ್ಲು ಹೆಚ್ಚಿಸುವುದು ಒಳ್ಳೆಯದು. ಹಿಂಡಿ ಮಾತ್ರ ನಿಲ್ಲಿಸಬೇಡಿ.

ಕ್ಯಾಲ್ಸಿಯಂ ಜೆಲ್ಲಿಗೆ ನಿಜವಾದ ಜಾಗ ಕರು ಹಾಕಿದ ಮೇಲೆ. ಮೂರನೇ ಕರುವಿನ ನಂತರದ, ಹಾಲು ಹೆಚ್ಚಿರುವ, ಹಿಂದೆ ಒಮ್ಮೆ ಬಿದ್ದ ದನವಾದರೆ ಕರು ಹಾಕಿದ ಕೂಡಲೇ ಒಂದು, ಅರ್ಧ ದಿನ ಬಿಟ್ಟು ಇನ್ನೊಂದು, ಡಾಕ್ಟರರನ್ನು ಕೇಳಿ ಕೊಡಬಹುದು. ಚೊಚ್ಚಲು ಕಡಸಿಗೆ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ದನ ನಿಂತಿರಬೇಕು, ನುಂಗುವಂತಿರಬೇಕು. ಕಾಲು ತಡವರಿಸಿ ಮಲಗಿ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು, ಕಿವಿ ತಣ್ಣಗಾಗಿದ್ದರೆ ಬಾಯಿಗೆ ಏನನ್ನೂ ಹೊಯ್ಯಬಾರದು. ನುಂಗುವ ಶಕ್ತಿ ಇಲ್ಲದೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎದೆಯ ಮೇಲೆ ಕುಳಿತಿರುವ ಹಾಗೆ ಗೋಣಿ ಒತ್ತುಕೊಟ್ಟು, ತಕ್ಷಣ ಡಾಕ್ಟರರನ್ನು ಕರೆಸಿ. ರಕ್ತನಾಳಕ್ಕೆ ನಿಧಾನವಾಗಿ, ಎದೆಬಡಿತ ನೋಡಿಕೊಂಡು ಕೊಡಬೇಕಾದ ಮದ್ದು ಅದು. ಬೇಗ ಏರಿಸಿದರೆ ಹೃದಯವೇ ನಿಲ್ಲಬಹುದು, ಕಂಡವರ ಕೈಯಲ್ಲಿ ಹಾಕಿಸಬೇಡಿ.

ದನ ಹಗ್ಗ, ಬಟ್ಟೆ, ಎಲುಬು ಜಗಿಯುತ್ತಿದ್ದರೂ ಕ್ಯಾಲ್ಸಿಯಂ ತರುವವರಿದ್ದಾರೆ. ಅಲ್ಲಿ ಕಡಿಮೆಯಾಗಿರುವುದು ಹೆಚ್ಚಾಗಿ ರಂಜಕ, ಜಂತುಹುಳವೂ ಇರಬಹುದು. ಬೈಹುಲ್ಲಿನಲ್ಲಿ ರಂಜಕ ಬಹಳ ಕಡಿಮೆ, ತೌಡಿನಲ್ಲಿ ಚೆನ್ನಾಗಿದೆ. ಕರು ಹಾಕಿದ ಕೆಲವು ವಾರಕ್ಕೆ ಮೂತ್ರ ಕೆಂಪಾದರೆ ಅದೂ ರಂಜಕದ ಕೊರತೆಯಿರಬಹುದು, ಉಣ್ಣಿಯಿಂದ ಬರುವ ಕಾಯಿಲೆಯೂ ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ, ಊಹೆಯಲ್ಲಿ ಟಾನಿಕ್ ಕೊಟ್ಟು ದಿನ ಕಳೆದರೆ ದನ ಹೋಗುತ್ತದೆ.

ಬಿ-ಕಾಂಪ್ಲೆಕ್ಸ್ ಟಾನಿಕ್ಕು ಆರೋಗ್ಯವಾಗಿ ಮೆಲುಕು ಹಾಕುವ ದನಕ್ಕೆ ಬೇಕಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸುತ್ತವೆ. ಬೈಪಾಸ್ ಕೊಬ್ಬು ಹಾಲು ಬಹಳ ಇರುವ ದನದ ಮಾತು, ಆರು ಲೀಟರಿನ ದನಕ್ಕೆ ಅಲ್ಲ.

ಖನಿಜ ಮಿಶ್ರಣ ಕೊಳ್ಳುವಾಗ ಐಎಸ್ 1664 ಗುರುತು ನೋಡಿ. ಪಶು ಆಹಾರದ ಚೀಲದಲ್ಲೂ ಖನಿಜ ಸೇರಿಸಿರುತ್ತಾರೆ, ಎಷ್ಟು ಅಂತ ಓದಿಕೊಂಡು ಉಳಿದದ್ದನ್ನು ಮಾತ್ರ ಸೇರಿಸಿದರೆ ಸಾಕು. ಮಳೆಗಾಲದಲ್ಲಿ ತೇವ ಎಳೆದು ಗಂಟು ಕಟ್ಟುತ್ತದೆ. ನಾನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಕ್ಕೆ ಸುರಿದು, ತಕ್ಕಡಿಯಲ್ಲಿ ತೂಗಿ 50 ಗ್ರಾಂ ಹಿಡಿಯುವ ಒಂದು ಚಿಪ್ಪನ್ನು ಅದರಲ್ಲೇ ಇಟ್ಟಿದ್ದೇನೆ. ಹಿಂಡಿ ಕಲಸುವವರು ಯಾರೇ ಆದರೂ ಅಳತೆ ತಪ್ಪುವುದಿಲ್ಲ.