ಔಷಧದ ಅಳತೆ

ರೋಗಕ್ಕೆ ತಕ್ಕ ಔಷಧವನ್ನು ಕಂಡುಹಿಡಿದ ಮಾತ್ರಕ್ಕೆ ವೈದ್ಯಶಾಸ್ತ್ರದ ಕೆಲಸ ಮುಗಿಯುವುದಿಲ್ಲ. ಅದನ್ನು ಯಾರಿಗೆ, ಎಷ್ಟು, ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಕೊಡಬೇಕೆಂಬುದನ್ನು ನಿರ್ಧರಿಸುವುದೂ ಅಷ್ಟೇ ಕಠಿನವಾದ ಕಾರ್ಯ. ರೋಗಿಯು ಎಳೆಯ ಮಗುವಾಗಿದ್ದು, ರೋಗವು ಶ್ವಾಸಕೋಶಕ್ಕೆ ತಗುಲಿದ ನ್ಯುಮೋನಿಯವಾಗಿದ್ದರೆ, ಒಮ್ಮೊಮ್ಮೆ ಈ ಅಳತೆಯ ಮೇಲೆಯೇ ಪ್ರಾಣ ನಿಂತಿರುತ್ತದೆ.

ಆ್ಯಂಟಿಬಯೋಟಿಕ್ ಎಂದು ಜನರು ಕರೆಯುವ ಪ್ರತಿಜೈವಿಕ ಔಷಧಗಳ ಚರಿತ್ರೆಯ ಆರಂಭದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಲಂಡನ್ನಿನಲ್ಲಿ 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಪೆನಿಸಿಲಿನ್ನನ್ನು ಕಂಡುಹಿಡಿದರು. ಹೋವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್ ಮತ್ತು ಅವರ ಸಹೋದ್ಯೋಗಿಗಳು ಆಕ್ಸ್‌ಫರ್ಡಿನಲ್ಲಿ ಅದನ್ನು ಔಷಧದ ರೂಪಕ್ಕೆ ತಂದರು. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಅದನ್ನು ಕೊಡಲಾಯಿತು. ಅವನ ಮುಖದಲ್ಲಿ ಕಾಣಿಸಿಕೊಂಡ ಸೋಂಕು ಕಣ್ಣಿಗೂ ಶ್ವಾಸಕೋಶಕ್ಕೂ ಹಬ್ಬಿತ್ತು. ಔಷಧ ಕೊಟ್ಟೊಡನೆ ಜ್ವರವಿಳಿದು ರೋಗಿ ಚೇತರಿಸಿಕೊಳ್ಳತೊಡಗಿದನು. ಆದರೆ ಔಷಧದ ಸಂಗ್ರಹ ಅತ್ಯಲ್ಪವಾಗಿತ್ತು. ಅವನ ಮೂತ್ರದಿಂದ ಪೆನಿಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಕೊಟ್ಟರೂ ಅದು ಐದು ದಿನಗಳಲ್ಲಿ ತೀರಿಹೋಯಿತು. ರೋಗ ಮರುಕಳಿಸಿ ಮಾರ್ಚ್ 15ರಂದು ಅವನು ಮೃತನಾದನು. ಕಡಮೆ ಔಷಧ ಸಾಕಾಗುವುದೆಂಬ ಕಾರಣದಿಂದ ಅನಂತರ ಆ ವಿಜ್ಞಾನಿಗಳು ಮಕ್ಕಳ ಚಿಕಿತ್ಸೆಯ ಕಡೆಗೆ ತಿರುಗಿದರು.

1945ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡುತ್ತ ಫ್ಲೆಮಿಂಗ್ ಅವರು ಒಂದು ಕಲ್ಪಿತ ದೃಷ್ಟಾಂತವನ್ನು ಹೇಳಿದರು. ಗಂಟಲುನೋವಿನ ಒಬ್ಬನು ತಾನಾಗಿ ಪೆನಿಸಿಲಿನ್ ಕೊಂಡು ಸ್ವಲ್ಪ ಮಾತ್ರ ಸೇವಿಸುತ್ತಾನೆ. ರೋಗಾಣುಗಳು ಸಾಯದೆ, ಔಷಧವನ್ನು ಎದುರಿಸಲು ಕಲಿಯುತ್ತವೆ. ಅವೇ ರೋಗಾಣುಗಳು ಅವನ ಹೆಂಡತಿಗೆ ತಗುಲಿ ನ್ಯುಮೋನಿಯವನ್ನುಂಟುಮಾಡುತ್ತವೆ. ಆಗ ಪೆನಿಸಿಲಿನ್ ಫಲಿಸದೆ ಆಕೆ ಸಾಯುತ್ತಾಳೆ. ಅಳತೆ ಕಡಮೆಯಾದರೆ ಹಾನಿಯು ಸೇವಿಸಿದವನಲ್ಲಿಯೇ ನಿಲ್ಲುವುದಿಲ್ಲವೆಂಬುದು ಇದರ ತಾತ್ಪರ್ಯ.

ಅಳತೆ ಮಿತಿಮೀರಿದರೂ ಅಪಾಯವೇ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧವನ್ನು ಹೆಚ್ಚು ಪ್ರಮಾಣದಲ್ಲಿ ಪಡೆದ ಕೆಲವು ನವಜಾತ ಶಿಶುಗಳ ಮೈ ಬೂದಿಬಣ್ಣಕ್ಕೆ ತಿರುಗಿತು. ಹಲವು ಶಿಶುಗಳು ಅಸುನೀಗಿದವು. ನವಜಾತ ಶಿಶುವಿನ ಯಕೃತ್ತು ಆ ಔಷಧವನ್ನು ಮಾರ್ಪಡಿಸುವಷ್ಟು ಬಲಿತಿರುವುದಿಲ್ಲ. ಮೂತ್ರಪಿಂಡಗಳೂ ಅದನ್ನು ಬೇಗನೆ ಹೊರಹಾಕಲಾರವು. ಹೀಗಾಗಿ ಔಷಧವು ರಕ್ತದಲ್ಲಿ ಸಂಚಯವಾಗಿ ವಿಷವಾಯಿತು. ಇದಕ್ಕೆ ವಿರುದ್ಧವಾಗಿ, ಒಂದೆರಡು ವರ್ಷ ತುಂಬಿದ ಮಗುವಿನ ದೇಹವು ಅನೇಕ ಔಷಧಗಳನ್ನು ದೊಡ್ಡವರ ದೇಹಕ್ಕಿಂತ ಬೇಗನೆ ಹೊರದೂಡುತ್ತದೆ. ದೊಡ್ಡವರ ದೇಹವನ್ನು ಕುಗ್ಗಿಸಿದರೆ ಮಗುವಿನ ದೇಹವಾಗುವುದಿಲ್ಲ. ಆದಕಾರಣ ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧವನ್ನೋ ಕಾಲನ್ನೋ ಕೊಡುವುದು ಅಪಾಯಕರ.

ಹಾಗಾದರೆ ಅಳತೆಯನ್ನು ಗೊತ್ತುಮಾಡುವುದು ಹೇಗೆ? ಸಾಮಾನ್ಯವಾಗಿ ಮಗುವಿನ ತೂಕವೇ ಇದಕ್ಕೆ ಆಧಾರ. ಎರಡು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ನ್ಯುಮೋನಿಯಕ್ಕೆ ಅಮಾಕ್ಸಿಸಿಲಿನ್ ಔಷಧವನ್ನು ಕಿಲೋಗ್ರಾಂ ತೂಕಕ್ಕೆ ಕನಿಷ್ಠ 40 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಸೂಚಿಸಿತು. ಈ ಲೆಕ್ಕದಂತೆ 10 ಕಿಲೋಗ್ರಾಂ ತೂಕದ ಮಗುವಿಗೆ ಒಂದು ಸಲಕ್ಕೆ 400 ಮಿಲಿಗ್ರಾಂ ಬೇಕು. 5 ಮಿಲಿಲೀಟರಿನಲ್ಲಿ 250 ಮಿಲಿಗ್ರಾಂ ಇರುವ ಸಿರಪ್ ಆದರೆ 8 ಮಿಲಿಲೀಟರ್ ಸಾಕು. 125 ಮಿಲಿಗ್ರಾಂ ಇರುವ ಸಿರಪ್ ಆದರೆ 16 ಮಿಲಿಲೀಟರ್ ಬೇಕು. ಸೀಸೆಯ ಚೀಟಿಯನ್ನು ಓದದೆ ಕೊಟ್ಟರೆ ಅಳತೆ ಅರ್ಧವಾಗಬಹುದು, ಇಮ್ಮಡಿಯೂ ಆಗಬಹುದು. ಅಡುಗೆಮನೆಯ ಚಮಚಗಳೂ ಒಂದೇ ಗಾತ್ರದವಲ್ಲ. ಈ ಲೆಕ್ಕವು ತಿಳಿವಳಿಕೆಗಾಗಿ ಮಾತ್ರ. ಔಷಧವನ್ನು ನಿಶ್ಚಯಿಸಬೇಕಾದವರು ವೈದ್ಯರೇ.

ಎಷ್ಟು ದಿನ ಎಂಬುದೂ ಅಳತೆಯ ಒಂದು ಭಾಗ. ಭಾರತದ ಏಳು ಆಸ್ಪತ್ರೆಗಳಲ್ಲಿ 2,188 ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ತೀವ್ರವಲ್ಲದ ನ್ಯುಮೋನಿಯದಲ್ಲಿ ಮೂರು ದಿನಗಳ ಅಮಾಕ್ಸಿಸಿಲಿನ್ ಚಿಕಿತ್ಸೆಯು ಐದು ದಿನಗಳ ಚಿಕಿತ್ಸೆಯಷ್ಟೇ ಫಲಕಾರಿಯೆಂದು ಅದರಿಂದ ಕಂಡುಬಂದಿತು. ಹೆಚ್ಚು ದಿನ ಕೊಟ್ಟಷ್ಟೂ ಹೆಚ್ಚು ಗುಣವೆಂಬ ನಂಬಿಕೆ ಸರಿಯಲ್ಲ. ಆದರೆ ವೈದ್ಯರು ಹೇಳಿದ ದಿನಗಳಿಗೆ ಮುಂಚೆಯೇ, ಜ್ವರ ಬಿಟ್ಟಿತೆಂದು ನಾವಾಗಿ ನಿಲ್ಲಿಸುವುದೂ ಸಲ್ಲದು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಈ ಔಷಧ ಬೇಕೇ ಎಂಬುದು. ನೆಗಡಿಗೂ ಬಹುಪಾಲು ಕೆಮ್ಮಿಗೂ ಕಾರಣ ವೈರಸ್‌ಗಳು. ಪ್ರತಿಜೈವಿಕಗಳು ಅವುಗಳನ್ನು ಏನೂ ಮಾಡಲಾರವು. ಅಂಥಲ್ಲಿ ಸರಿಯಾದ ಅಳತೆ ಸೊನ್ನೆ. ಆದರೆ ಕೆಮ್ಮುವ ಮಗುವಿನ ಉಸಿರು ನಿಮಿಷಕ್ಕೆ, ಒಂದು ವರ್ಷದೊಳಗೆ 50 ಅಥವಾ ಅದಕ್ಕೂ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚು ಸಲ ಆಡುತ್ತಿದ್ದರೆ, ಇಲ್ಲವೆ ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇರುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎರಡು ತಿಂಗಳು ತುಂಬದ ಶಿಶುವಿಗೆ ಕಾಯಿಲೆಯಾದರಂತೂ ಉಸಿರನ್ನು ಎಣಿಸುತ್ತ ಕುಳಿತಿರಲಾಗದು.

ತಕ್ಕಡಿಯಲ್ಲಿ ಮಗುವನ್ನು ತೂಗಿ, ಉಸಿರನ್ನು ಎಣಿಸಿ, ಸೀಸೆಯ ಚೀಟಿಯನ್ನು ಓದಿ, ಗುರುತಿರುವ ಅಳತೆಯ ಲೋಟದಿಂದ ಔಷಧ ಕೊಡುವುದು ನೋಡಲು ಸಣ್ಣ ಕೆಲಸಗಳು. ಮನೆಯಲ್ಲಿ ತಮ್ಮ ತಂಗಿಯರು ಹಾಸಿಗೆ ಹಿಡಿದಾಗ, ಅಕ್ಷರವನ್ನೂ ಅಂಕಗಣಿತವನ್ನೂ ಬಲ್ಲ ವಿದ್ಯಾರ್ಥಿಗಳು ಈ ಕೆಲಸಗಳಲ್ಲಿ ತಂದೆತಾಯಿಗಳಿಗೆ ನೆರವಾಗಬಲ್ಲರು.